ಹೆಸರಿನ ಪಕ್ಕದ ಬೀಗ

ಕಾಗದದ ಔಷಧಿ ಚಾರ್ಟುಗಳನ್ನು ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವ ಕೆಲಸ ನಮ್ಮ ಆಸ್ಪತ್ರೆಯಲ್ಲಿ ಶುರುವಾದಾಗ ನನ್ನನ್ನು ಔಷಧಾಲಯದಿಂದ ಎತ್ತಿ ಆ ಯೋಜನೆಗೆ ಹಾಕಿದರು. 2010ರ ದಶಕದ ನಡುವಿನ ಮಾತು. ಸಿಡ್ನಿಯ ಪಶ್ಚಿಮದ ಕಡೆಯ ಆಸ್ಪತ್ರೆ ಅದು, ನಾನು ಅಲ್ಲಿ ಫಾರ್ಮಸಿಸ್ಟ್. ದಿನವಿಡೀ ವಾರ್ಡಿನಿಂದ ವಾರ್ಡಿಗೆ ಓಡಾಡಿಕೊಂಡಿದ್ದವಳಿಗೆ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಕುರ್ಚಿ, ಒಂದು ಕಂಪ್ಯೂಟರು ಕೊಟ್ಟು ಕೂರಿಸಿದರು. ಕೂತಲ್ಲಿ ಕೂರುವ ಜಾತಿ ನನ್ನದಲ್ಲ. ಮೊದಲ ವಾರವೇ ಆ ಕೋಣೆಯ ಕಾರ್ಪೆಟ್ಟಿನ ಮೇಲೆ ನಾನು ನಡೆದಾಡುವ ಜಾಗ ಸವೆಯುತ್ತದೇನೋ ಅನ್ನಿಸಿತ್ತು.

ಕೆಲಸವನ್ನು ವಿವರಿಸುವುದು ಸುಲಭ. ಜ್ವರದ ಮಾತ್ರೆಯನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಬರೆಯಲು ಡಾಕ್ಟರಿಗೆ ಒಂದು ಲಾಗಿನ್ ಇದ್ದರೆ ಸಾಕು. ಮಾರ್ಫಿನ್ ಮತ್ತು ಅದರ ಬಳಗದ ನೋವಿನ ಮದ್ದುಗಳಿಗೆ ಹಾಗಲ್ಲ. ಅವು ಚಟ ಹಿಡಿಸುತ್ತವೆ, ಕದ್ದು ಮಾರುವವರೂ ಇರುತ್ತಾರೆ. ಅವನ್ನು ಬರೆಯಬೇಕಾದ ಪ್ರತಿಯೊಬ್ಬ ಡಾಕ್ಟರೂ ನನ್ನೆದುರು ಬಂದು ಕೂರಬೇಕು. ಪಾಸ್‌ಪೋರ್ಟಿನ ಮುಖಕ್ಕೂ ಎದುರಿನ ಮುಖಕ್ಕೂ ತಾಳೆಯಾಗುತ್ತದೆಯೇ ಎಂದು ನಾನು ನೋಡಬೇಕು. ಅವರ ನೋಂದಣಿಯ ಮೇಲೆ ನಿರ್ಬಂಧವೇನಾದರೂ ಇದೆಯೇ ಎಂದು ಪರೀಕ್ಷಿಸಬೇಕು. ಎಲ್ಲ ಸರಿಯಿದ್ದರೆ ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ ಟೋಕನ್ ಕೊಡಬೇಕು. ಗುಂಡಿ ಒತ್ತಿದರೆ ಅದರಲ್ಲಿ ಕೆಲವು ಅಂಕಿಗಳು ಮೂಡುತ್ತವೆ. ಪಾಸ್‌ವರ್ಡಿನ ಜೊತೆ ಅವನ್ನೂ ಹಾಕಿದರೆ ಮಾತ್ರ ಮಾರ್ಫಿನ್ ಬರೆಯಬಹುದು. ಇಷ್ಟಾದರೂ ನಾನೊಬ್ಬಳೇ ಅನುಮತಿ ಕೊಡುವ ಹಾಗಿರಲಿಲ್ಲ. ನಾನು ಶಿಫಾರಸು ಮಾಡಬೇಕು, ಇನ್ನೊಬ್ಬರು ಅದನ್ನು ನೋಡಿ ಒಪ್ಪಬೇಕು. ಆ ಇನ್ನೊಬ್ಬರು ನಮ್ಮ ಔಷಧಾಲಯದ ಉಪಮುಖ್ಯಸ್ಥೆ. ವಿಯೆಟ್ನಾಮಿನಿಂದ ಚಿಕ್ಕಂದಿನಲ್ಲೇ ಬಂದವರು, ಒಂದು ಮಾತೂ ಹೆಚ್ಚಾಗಿ ಆಡದವರು.

ಅನುಮತಿ ಸಿಗದ ಡಾಕ್ಟರ ಹೆಸರಿನ ಪಕ್ಕದಲ್ಲಿ ತೆರೆಯ ಮೇಲೆ ಕೆಂಪು ಬೀಗದ ಚಿತ್ರ ಬರುತ್ತಿತ್ತು. ವ್ಯವಸ್ಥೆ ಶುರುವಾದ ಮೇಲೆ ವಾರ್ಡಿನ ನರ್ಸುಗಳಿಗೂ ಅದು ಕಾಣುವಂತಿತ್ತು. ಆರಂಭದಲ್ಲಿ ನಾನು ಅದನ್ನು ಒಳ್ಳೆಯ ವ್ಯವಸ್ಥೆ ಅಂದುಕೊಂಡಿದ್ದೆ.

ನನ್ನೆದುರು ಬಂದು ಕೂರಬೇಕಾದವರ ಪಟ್ಟಿಯಲ್ಲಿ ನಮ್ಮ ಡಾಕ್ಟರೊಬ್ಬರಿದ್ದರು. ನಮ್ಮ ಎಂದರೆ ಕನ್ನಡದವರು, ಮೈಸೂರಿನವರು. ಸಿಡ್ನಿಗೆ ಬಂದ ಹೊಸದರಲ್ಲಿ ನಾವು ಬ್ಲ್ಯಾಕ್‌ಟೌನಿನ ಒಂದು ಯೂನಿಟ್ಟಿನಲ್ಲಿ, ಎಂದರೆ ಫ್ಲ್ಯಾಟಿನಲ್ಲಿ, ರೆಂಟಿಗಿದ್ದೆವು. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿ ಒಬ್ಬ ಹೆಂಗಸು ತೊಗರಿಬೇಳೆಯ ಚೀಲ ಕೆಳಗಿಟ್ಟು, "ಮಂಗ್ಳೂರಾ ನೀವು? 'ಎಂತ' ಅಂದ್ರಲ್ಲ, ಗೊತ್ತಾಯ್ತು" ಎಂದರು. ಅವರೇ ಡಾಕ್ಟರ ಹೆಂಡತಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅಂದಿನಿಂದ ನನಗೆ ಅಕ್ಕ. ನಮ್ಮದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ, ಅವರದು ಈರುಳ್ಳಿ ಬಳಸುವುದಕ್ಕೂ ವಾರ ನೋಡುವ ಮನೆ. ಆದರೂ ಇಲ್ಲಿನ ಫಾರ್ಮಸಿಸ್ಟ್ ಪರೀಕ್ಷೆಗೆ ನಾನು ತಿಂಗಳುಗಟ್ಟಲೆ ಅವರ ಊಟದ ಮೇಜಿನ ಮುಂದೆ ಕೂತೇ ಓದಿದೆ. ಈ ದೇಶದಲ್ಲಿ ಯಾವ ಮದ್ದಿಗೆ ಏನೆನ್ನುತ್ತಾರೆ ಎಂಬುದನ್ನು ಡಾಕ್ಟರೇ ಹೇಳಿಕೊಟ್ಟರು. ನನ್ನ ಮಗಳಿಗೆ ಭಾನುವಾರದ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಸಿದವರು ಅಕ್ಕ. ಅವಳು ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು, ಅಕ್ಕ ಬೇಜಾರಿಲ್ಲದೆ ಮತ್ತೆ ಕನ್ನಡದಲ್ಲೇ ಕೇಳುತ್ತಿದ್ದರು.

ಡಾಕ್ಟರು ನನ್ನ ಕೋಣೆಗೆ ಬರುವುದನ್ನು ಮುಂದೂಡುತ್ತಲೇ ಹೋದರು. ರೌಂಡ್ಸ್ ಅಂದರು, ಮೀಟಿಂಗ್ ಅಂದರು. ಅವರ ವಿಭಾಗದವರೆಲ್ಲ ಮುಗಿಸಿ ಟೋಕನ್ ತೂಗಾಡಿಸಿಕೊಂಡು ಹೋದಮೇಲೆ ಒಂದು ಮಧ್ಯಾಹ್ನ ಬಂದರು. ಬಂದವರು ಬಾಗಿಲು ಮುಚ್ಚಿದರು.

"ಪಾಸ್‌ಪೋರ್ಟ್ ತಂದಿದ್ದೀರಾ ಡಾಕ್ಟ್ರೇ?" ಎಂದೆ, ನಗುತ್ತ. ನನಗಿಂತ ಚೆನ್ನಾಗಿ ಅವರನ್ನು ಬಲ್ಲವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ, ಗುರುತು ಪರೀಕ್ಷಿಸುವುದೇ ತಮಾಷೆ ಅನ್ನಿಸಿತ್ತು.

ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡರು. "ತಂದಿದ್ದೀನಿ. ನೀವು ಕಂಪ್ಯೂಟರಲ್ಲಿ ನೋಡೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ ಕಣ್ರೀ. ಅದ್ರಲ್ಲಿ ನೋಡಿ ತಿಳ್ಕೊಳ್ಳೋದು ಬೇಡ."

ಹೇಳಿದರು. ಬೆನ್ನಿನ ಆಪರೇಷನ್ ಆಗಿದ್ದು ನನಗೆ ಗೊತ್ತಿತ್ತು. ಆಗ ಅಕ್ಕನ ಜೊತೆ ಆಸ್ಪತ್ರೆಗೆ ಸಾರು ಅನ್ನ ಒಯ್ದವಳು ನಾನೇ. ಆಮೇಲಿನದು ಗೊತ್ತಿರಲಿಲ್ಲ. ನೋವು ಕಡಿಮೆಯಾದ ಮೇಲೂ ಮಾತ್ರೆ ಬಿಡಲಾಗಲಿಲ್ಲ. ಬರೆದುಕೊಡುತ್ತಿದ್ದ ಡಾಕ್ಟರು ಸಾಕು ಅಂದಮೇಲೆ ತಾವೇ ಬರೆದುಕೊಂಡರು. ಹೊರಗಿನ ಒಂದು ಔಷಧಿ ಅಂಗಡಿಯವರಿಗೆ ಸಂಶಯ ಬಂದು ದೂರು ಹೋಯಿತು. ನೋಂದಣಿ ಮಂಡಳಿಯವರು ಕರೆಸಿದರು, ಚಿಕಿತ್ಸೆಗೆ ಹಾಕಿದರು. ವೃತ್ತಿ ಮಾಡಬಹುದು, ಆದರೆ ಈ ಮದ್ದುಗಳನ್ನು ಬರೆಯುವ ಹಾಗಿಲ್ಲ ಎಂದು ನಿರ್ಬಂಧ ಹಾಕಿದರು. ಈಗ ಮಾತ್ರೆ ಮುಟ್ಟಿ ವರ್ಷದ ಮೇಲಾಗಿದೆ. ಇಂದಿಗೂ ಕರೆದಾಗೆಲ್ಲ ಹೋಗಿ ಮೂತ್ರ ಪರೀಕ್ಷೆಗೆ ಕೊಟ್ಟು ಬರುತ್ತಾರೆ. ವಿಭಾಗದ ಮುಖ್ಯಸ್ಥರಿಗೂ ಮೇಲಿನ ಒಬ್ಬರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಅಕ್ಕನಿಗೆ?"

"ಇಲ್ಲ."

ಕಾಗದದ ಚಾರ್ಟ್ ಇದ್ದಾಗ ಅವರಿಗೆ ಕಷ್ಟವಿರಲಿಲ್ಲವಂತೆ. ಕಿರಿಯ ಡಾಕ್ಟರಿಗೆ ಪೆನ್ನು ಕೊಟ್ಟು 'ನೀನೇ ಬರಿ, ಕೈ ಪಳಗಲಿ' ಅಂದರೆ ಮುಗಿಯಿತು. ಒಳ್ಳೆಯ ಮೇಷ್ಟ್ರು ಎಂಬ ಹೆಸರೂ ಬಂದಿತ್ತು.

"ಈಗ ಆ ಬೀಗ ಬರುತ್ತಲ್ಲ," ಎಂದರು. "ಇಡೀ ವಾರ್ಡಿಗೆ ಕಾಣೋ ಹಾಗೆ. ಎಲ್ಲ ಡಾಕ್ಟರ ಮಧ್ಯೆ ನನ್ನೊಬ್ಬನ ಹೆಸರಿನ ಪಕ್ಕದಲ್ಲಿ." ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಒಂದು ಮಾತು ಕೇಳ್ಲಾ? ಪರ್ಮಿಷನ್ ಕೊಡಿ. ಟೋಕನ್ ನಿಮ್ಮ ಡ್ರಾಯರಲ್ಲೇ ಇಟ್ಕೊಳ್ಳಿ. ನಂಗದು ಬೇಡ. ಆ ಬೀಗ ಒಂದು ಕಾಣಿಸ್ದೆ ಇದ್ರೆ ಸಾಕು."

ಅವರ ಊಟದ ಮೇಜು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬಾಯಿಂದ ಮಾತು ತಡವಿಲ್ಲದೆ ಬಂತು. "ಆಗುವುದಿಲ್ಲ ಡಾಕ್ಟ್ರೇ."

"ಗೊತ್ತಿತ್ತು," ಎಂದರು. "ಆದ್ರೂ ಕೇಳ್ಬೇಕು ಅನ್ನಿಸ್ತು." ಪಾಸ್‌ಪೋರ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಬಾಗಿಲ ಹತ್ತಿರ ತಿರುಗಿ, "ಮಗಳ ಕನ್ನಡ ಹೇಗಿದೆ?" ಎಂದು ಕೇಳಿ ಹೋದರು.

ನಾನು ಕಂಪ್ಯೂಟರಿನಲ್ಲಿ 'ಅನುಮತಿ ಇಲ್ಲ' ಎಂದು ಹಾಕಿದೆ. ಸಂಜೆಯೊಳಗೆ ಉಪಮುಖ್ಯಸ್ಥೆ ಅದನ್ನು ನೋಡಿ ನನ್ನ ಕೋಣೆಗೆ ಬಂದರು. "ಅವರೇ ನಿನಗೆ ಹೇಳಿದರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದೆಂದೆ. "ಒಳ್ಳೆಯದು," ಎಂದು ಹೇಳಿ ತಮ್ಮ ಟೋಕನ್ ಒತ್ತಿದರು. ಅಲ್ಲಿಗೆ ಅದು ಅಧಿಕೃತವಾಯಿತು.

ನನಗೆ ನೆಮ್ಮದಿ ಹೋದದ್ದು ಆಮೇಲೆ. ಮಾಡಿದ್ದು ಸರಿ ಎಂಬುದರಲ್ಲಿ ಸಂಶಯವಿರಲಿಲ್ಲ. ಸರಿ ಮಾಡಿದವಳಿಗೆ ಇಷ್ಟು ಚಡಪಡಿಕೆ ಯಾಕೆ ಎಂಬುದೇ ತಿಳಿಯುತ್ತಿರಲಿಲ್ಲ. ಆಗ ಮಾರ್ಸ್ಡನ್ ಪಾರ್ಕಿನಲ್ಲಿ ನಮ್ಮ ಮನೆ ಕಟ್ಟುತ್ತಿದ್ದರು. ಪ್ರತಿ ಶನಿವಾರ ನಾನು, ಗಂಡ ಹೋಗಿ ನೋಡಿ ಬರುತ್ತಿದ್ದೆವು. ಗೋಡೆಯಿಲ್ಲದ, ಬರೀ ಮರದ ಚೌಕಟ್ಟಿನ ಕೋಣೆಗಳ ನಡುವೆ ಗಂಡ ಅಡುಗೆಮನೆ ಎಲ್ಲಿ, ದೇವರ ಪೀಠ ಎಲ್ಲಿ ಎಂದು ತೋರಿಸುತ್ತಿದ್ದರೆ ನಾನು ಹೂಂಗುಟ್ಟುತ್ತ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ನುಸುಳಿಕೊಂಡು ತಿರುಗುತ್ತಿದ್ದೆ. "ಮನೆ ಇಷ್ಟ ಆಗಲಿಲ್ಲವಾ?" ಎಂದು ಅವರು ಕೇಳಿಯೇ ಬಿಟ್ಟರು. ಇಷ್ಟವಾಗಿತ್ತು. ಬೇರೆ ಏನೂ ಹೇಳುವಂತಿರಲಿಲ್ಲ. ಕೆಲಸದಲ್ಲಿ ಕೇಳಿದ್ದನ್ನು ಗಂಡನಿಗೂ ಹೇಳುವಂತಿಲ್ಲ.

ಯೋಚಿಸಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಅನುಮತಿ ಕೊಡದಿರುವುದು ಬೇರೆ, ಕೊಟ್ಟಿಲ್ಲ ಎಂದು ಊರಿಗೆಲ್ಲ ಸಾರುವುದು ಬೇರೆ. ಮೊದಲನೆಯದು ಬೇಕು, ಎರಡನೆಯದು ಯಾಕೆ ಬೇಕು? ಯಾರ ಹೆಸರನ್ನೂ ಎತ್ತದೆ ಬೀಗದ ಚಿತ್ರ ತೆಗೆಯಬೇಕೆಂದು ಸಾಫ್ಟ್‌ವೇರಿನವರಿಗೆ ಬರೆದು ಕಳಿಸಿದೆ. ಆ ಸಾಫ್ಟ್‌ವೇರ್ ಮಾಡಿದವರ ಕಚೇರಿ ಮೆಲ್ಬರ್ನಿನಲ್ಲಿತ್ತು. ಕೊನೆಯ ಪರೀಕ್ಷೆಗಳಿಗೆ ನಮ್ಮ ಆಸ್ಪತ್ರೆಯಿಂದ ಒಬ್ಬರು ಹೋಗಬೇಕಿತ್ತು. ನಾನೇ ಹೋಗುತ್ತೇನೆ ಎಂದೆ.

ಹೊರಡುವ ಹಿಂದಿನ ಭಾನುವಾರ ಅಕ್ಕ ನಮ್ಮ ಯೂನಿಟ್ಟಿಗೆ ಬಂದರು. ಪುಳಿಯೋಗರೆ ಗೊಜ್ಜಿನ ಬಾಟಲಿ ತಂದಿದ್ದರು. ನಾನು ಕಾಫಿ ಮಾಡಿದೆ. ಅದೂ ಇದೂ ಮಾತಾಡಿ ಅಕ್ಕ ಕೇಳಿದರು, "ನೀನು ಡಾಕ್ಟ್ರುಗಳಿಗೆಲ್ಲ ಅದೇನೋ ಪರ್ಮಿಷನ್ ಕೊಡ್ತಿದ್ದೀಯಂತೆ?"

"ಹೌದು ಅಕ್ಕ. ಸಾಕಾಗಿ ಹೋಗಿದೆ."

"ಎಲ್ಲಾರಿಗೂ ಕೊಟ್ಟಾಯ್ತಾ?"

"ಹೆಚ್ಚಿನವರದ್ದು ಮುಗಿಯಿತು."

"ಇವ್ರಿಗೆ?"

ನಾನು ಸಕ್ಕರೆ ಡಬ್ಬಿ ಹುಡುಕುವವಳ ಹಾಗೆ ಬೆನ್ನು ತಿರುಗಿಸಿದೆ. "ಅದು ಆಫೀಸಿನ ವಿಷಯ ಅಲ್ವಾ ಅಕ್ಕ. ಮನೆಯಲ್ಲಿ ಬೇಡ."

"ಹೌದು ಅಥ್ವಾ ಇಲ್ಲ ಅನ್ನೋಕೆ ಏನೇ ಕಷ್ಟ? ನಾನೇನು ಹೊರಗಿನೋಳಾ?"

"ಹಾಗಲ್ಲ ಅಕ್ಕ. ಯಾರದ್ದೇ ಆದರೂ ನಾನು ಹೇಳುವ ಹಾಗೆ ಇಲ್ಲ."

ಗಂಡನಿಗೆ ಮಾತ್ರ ಕೊಡದೆ ಅವಮಾನ ಮಾಡಿದ್ದೇನೆ ಎಂದು ಸಿಟ್ಟು ಬಂದಿರಬೇಕು ಅಂದುಕೊಂಡೆ. ಅವರು ಇನ್ನೂ ಒಂದು ಸಲ ಬೇರೆ ರೀತಿಯಲ್ಲಿ ಕೇಳಿದರು. ನಾನು ಮಗಳ ಪರೀಕ್ಷೆಯ ಮಾತೆತ್ತಿದೆ. ಅಕ್ಕ ಅರ್ಧ ಕಾಫಿ ಬಿಟ್ಟು ಎದ್ದರು. ಯಾವಾಗಲೂ ಬಾಗಿಲಲ್ಲಿ ನಿಂತು ಇನ್ನರ್ಧ ಗಂಟೆ ಮಾತಾಡುವವರು ಅಂದು ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದು ಹೋದರು.

ಮೆಲ್ಬರ್ನಿನಲ್ಲಿ ನನ್ನ ತಂಗಿಯ ಮನೆ ಕ್ರೇಗಿಬರ್ನಿನಲ್ಲಿ. ಅಲ್ಲಿಂದ ದಿನವೂ ರೈಲು ಹಿಡಿದು ಸಿಟಿಗೆ ಹೋಗುತ್ತಿದ್ದೆ. ಪರೀಕ್ಷೆಯ ಕೋಣೆಯಲ್ಲಿ ಸಾಲಾಗಿ ಕಂಪ್ಯೂಟರುಗಳು, ನಿಜವಲ್ಲದ ರೋಗಿಗಳು, ನಿಜವಲ್ಲದ ಡಾಕ್ಟರುಗಳು. ಆ ಸುಳ್ಳು ಡಾಕ್ಟರುಗಳಲ್ಲಿ ಒಬ್ಬನಿಗೆ ಅನುಮತಿ ಕೊಡದೆ ಬಿಟ್ಟು ಬೀಗ ಬರುವುದನ್ನು ತೋರಿಸಿದೆ. ಆ ಭಾಗದ ಹೊಣೆ ಹೊತ್ತವಳು ನನ್ನ ವಯಸ್ಸಿನವಳೇ, ಮೆಲ್ಬರ್ನಿನಲ್ಲೇ ಹುಟ್ಟಿ ಬೆಳೆದವಳು. "ಬೀಗ ಇರುವುದು ನರ್ಸಿನ ಸಮಯ ಉಳಿಸಲಿಕ್ಕೆ. ಬರೆಯಲಾಗದವರ ಹತ್ತಿರ ಹೋಗಿ ಕೇಳುವುದು ತಪ್ಪುತ್ತದೆ," ಎಂದಳು. ಅದೂ ನಿಜವೇ. ರೋಗಿ ನೋವಿನಿಂದ ನರಳುತ್ತಿರುವಾಗ ನರ್ಸು ಯಾರ್ಯಾರನ್ನೋ ಕೇಳಿಕೊಂಡು ತಿರುಗಬಾರದು.

"ಹಾಗಾದರೆ ಬರೆಯಬಲ್ಲವರ ಹೆಸರುಗಳನ್ನು ತೋರಿಸಿ," ಎಂದೆ. "ಬರೆಯಲಾಗದವರನ್ನು ಯಾಕೆ ಎತ್ತಿ ತೋರಿಸುತ್ತೀರಿ?"

ಅವಳು ಸ್ವಲ್ಪ ಯೋಚಿಸಿ ಒಪ್ಪಿಕೊಂಡಳು. ಮಾಡಬಹುದು, ಆದರೆ ಈಗ ಆಗುವುದಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇದು ಶುರುವಾಗುವ ದಿನ ಗೊತ್ತಾಗಿದೆ, ಮುಂದಿನ ಬದಲಾವಣೆಗಳ ಜೊತೆ ಸೇರಿಸುತ್ತೇವೆ ಎಂದಳು. ನಾನು ವಾದ ಮಾಡಿದೆ. ಅವಳ ಮೇಲಿನವರ ಹತ್ತಿರವೂ ಮಾತಾಡಿದೆ. ಇಷ್ಟು ಸಣ್ಣ ಚಿತ್ರಕ್ಕೆ ಈ ಹೆಂಗಸು ಯಾಕೆ ಹೀಗೆ ಆಡುತ್ತಾಳೆ ಎಂದು ಅವರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಕಾರಣ ಹೇಳುವಂತಿದ್ದರೆ ಒಂದು ನಿಮಿಷದಲ್ಲಿ ಅರ್ಥವಾಗುತ್ತಿತ್ತೇನೋ.

ತಂಗಿಯ ಮನೆಗೆ ಬಂದರೆ ಅಲ್ಲೂ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಒಳಕ್ಕೆ. "ಒಂದು ಕಡೆ ಕೂತುಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನಂಗೆ ತಲೆ ತಿರುಗ್ತದೆ," ಎಂದು ತಂಗಿ ಕೊಂಕಣಿಯಲ್ಲಿ ಬೈದಳು. ಮೀನು ಸಾರು ಬಡಿಸಿದಳು. ಎಷ್ಟೋ ದಿನದ ಮೇಲೆ ತೆಂಗಿನಕಾಯಿ ಅರೆದು ಮಾಡಿದ ಸಾರು. ರುಚಿ ನೋಡುವ ವ್ಯವಧಾನ ನನಗಿರಲಿಲ್ಲ.

ಹೊಸ ವ್ಯವಸ್ಥೆ ಶುರುವಾದ ದಿನ ನಮಗೆಲ್ಲ ಹಳದಿ ಟಿ-ಶರ್ಟ್ ಹಾಕಿಸಿ ವಾರ್ಡುಗಳಲ್ಲಿ ಸಹಾಯಕ್ಕೆ ನಿಲ್ಲಿಸಿದರು. ನಾನು ಕೇಳಿಕೊಂಡು ಡಾಕ್ಟರ ವಾರ್ಡಿಗೇ ಹೋದೆ. ಏನು ಮಾಡಬೇಕೆಂದಿದ್ದೆನೋ ನನಗೇ ಗೊತ್ತಿಲ್ಲ. ಬೆಳಗ್ಗೆ ರೌಂಡ್ಸಿನ ಹೊತ್ತಿಗೆ, ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಮುದುಕರು ಹಾಸಿಗೆಯಲ್ಲಿ ನರಳುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸು, ನಡುವಯಸ್ಸಿನ ಗಟ್ಟಿ ದನಿಯ ಹೆಂಗಸು, ಗಾಲಿಯ ಕಂಪ್ಯೂಟರನ್ನು ಡಾಕ್ಟರ ಕಡೆ ತಳ್ಳಿಕೊಂಡು ಬಂದು, "ಇವರಿಗೆ ಮಾರ್ಫಿನ್ ಬೇಕು, ಬರೆಯುತ್ತೀರಾ?" ಎಂದಳು. ಹಿಂದೆಯೇ ತೆರೆ ನೋಡಿ, "ಓ, ಇದೇನೋ ಬೀಗ ತೋರಿಸುತ್ತಿದೆ," ಎಂದಳು. ಕಿರಿಯ ಡಾಕ್ಟರುಗಳು ಬಗ್ಗಿ ನೋಡಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಸಿಸ್ಟಮಿನ ತೊಂದರೆ ಎಂದು ಹೇಳಿಬಿಡುವುದು ಎಂದು ಬಾಯಿ ತೆರೆದೆ.

ಡಾಕ್ಟರು ನನ್ನನ್ನು ನೋಡಿ ಬೇಡವೆಂಬಂತೆ ತಲೆ ಅಲ್ಲಾಡಿಸಿದರು. "ಅದು ಸರಿಯಾಗಿಯೇ ಇದೆ. ಅವುಗಳನ್ನು ಬರೆಯಲು ನನಗೆ ಅನುಮತಿ ಇಲ್ಲ," ಎಂದು ನರ್ಸಿಗೆ ಹೇಳಿದರು, ರೋಗಿಯ ಜ್ವರ ಎಷ್ಟೆಂದು ಹೇಳುವ ದನಿಯಲ್ಲಿ. ಪಕ್ಕದಲ್ಲಿದ್ದ ಕಿರಿಯ ಡಾಕ್ಟರ್ ಹುಡುಗಿಯ ಕಡೆ ತಿರುಗಿ, "ನೀನು ಬರಿ. ಬೇಗ. ಅವರಿಗೆ ನೋವಾಗುತ್ತಿದೆ," ಎಂದರು.

"ಸರಿ," ಎಂದಳು ನರ್ಸು. ಗಾಲಿಯನ್ನು ಆ ಹುಡುಗಿಯ ಕಡೆ ತಿರುಗಿಸಿದಳು. ಅವಳು ಟೋಕನ್ ಒತ್ತಿ ಅಂಕಿ ಹಾಕಿದಳು. ಮದ್ದು ಬಂತು. ರೌಂಡ್ಸ್ ಮುಂದಿನ ಹಾಸಿಗೆಗೆ ಹೋಯಿತು. ಅಷ್ಟೇ. ಆಮೇಲೆ ಟೀ ಕೋಣೆಯಲ್ಲಿ ಯಾರಾದರೂ ಮಾತಾಡಿಕೊಂಡರೋ ಏನೋ, ಮಾತಾಡಿಕೊಂಡೇ ಇರುತ್ತಾರೆ. ನನ್ನ ಎದುರಿಗಂತೂ ಯಾರೂ ಕೇಳಲಿಲ್ಲ. ನಾನು ಮಾತ್ರ ಸ್ಟೋರ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಸಲೈನ್ ಬಾಕ್ಸುಗಳ ನಡುವೆ ಹಿಂದಕ್ಕೂ ಮುಂದಕ್ಕೂ ನಡೆದೆ.

ಅಂದು ಸಂಜೆಯೇ ಅವರು ಅಕ್ಕನಿಗೆ ಎಲ್ಲ ಹೇಳಿದರಂತೆ. ಇದು ಡಾಕ್ಟರೇ ಮರುದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ್ದು. "ಏನಂದ್ರು ಅಕ್ಕ?" ಎಂದೆ. "ಏನೂ ಅನ್ಲಿಲ್ಲ," ಎಂದರು. ಅಕ್ಕ ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಏನೆಂದು ಮಾತು ಶುರು ಮಾಡುವುದು? ಭಾನುವಾರದ ಶಾಲೆಯಲ್ಲಿ ಕಂಡರೆ "ಚೆನ್ನಾಗಿದ್ದೀಯಾ" ಎನ್ನುತ್ತಿದ್ದರು, ಹೊರಗಿನವರನ್ನು ಕೇಳಿದ ಹಾಗೆ. ಬೀಗದ ಬದಲಾವಣೆ ಮೆಲ್ಬರ್ನಿನಿಂದ ಬರುವ ಹೊತ್ತಿಗೆ ಡಾಕ್ಟರಿಗೇ ಮೆಲ್ಬರ್ನಿನಲ್ಲಿ ಕೆಲಸವಾಗಿತ್ತು. ವೃದ್ಧ ರೋಗಿಗಳನ್ನು ಮತ್ತೆ ನಡೆಯುವಂತೆ ಮಾಡುವ ಆಸ್ಪತ್ರೆ. ಕನ್ನಡದವರು ಸೇರಿ ಬೀಳ್ಕೊಡುಗೆಯ ಊಟ ಇಟ್ಟುಕೊಂಡರು. ಅಕ್ಕ ಹೆಂಗಸರ ನಡುವೆ ಕೂತಿದ್ದರು. ಹೊರಡುವಾಗ ನನ್ನ ಮಗಳ ತಲೆ ಸವರಿ, ನನಗೆ "ಬರ್ತೀನಿ" ಎಂದಷ್ಟೇ ಹೇಳಿದರು. ನಾವು ಹೊಸ ಮನೆಗೆ ಹೋದಾಗ ಅವರು ಇರಲಿಲ್ಲ.

ಕೆಲವು ವರ್ಷ ಹೀಗೇ ಹೋಯಿತು. ತಂಗಿಯ ಮಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ಸಮಾರಂಭಕ್ಕೆಂದು ನಾನು ಕ್ರೇಗಿಬರ್ನಿಗೆ ಹೋಗಿದ್ದೆ. ಯಾರಿಂದ ತಿಳಿಯಿತೋ, ಅಕ್ಕನ ಫೋನು ಬಂತು. "ಇಷ್ಟು ಹತ್ರ ಬಂದು ಹಾಗೇ ಹೋಗ್ತೀಯಾ?" ಅವರ ಮನೆ ಹತ್ತೇ ನಿಮಿಷದ ದಾರಿ. ತಂಗಿ ಕಾರಿನಲ್ಲಿ ಬಿಟ್ಟು ಹೋದಳು.

ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಡಾಕ್ಟರು ವಾಕಿಂಗಿಗೆ ಹೋಗಿದ್ದರು. ಇಬ್ಬರೇ ಕೂತು ಅವರೆಕಾಯಿ ಸುಲಿದೆವು, ಚೀಲಗಟ್ಟಲೆ ತಂದಿದ್ದರು. ಸುಲಿಯುತ್ತ ಸುಲಿಯುತ್ತ ಅಕ್ಕ ಹೇಳಿದರು:

"ಅವತ್ತು ನಿಮ್ಮನೇಲಿ ಅಷ್ಟು ಸಲ ಯಾಕೆ ಕೇಳ್ದೆ ಗೊತ್ತೇನೇ?"

"ಡಾಕ್ಟ್ರಿಗೆ ಕೊಡಲಿಲ್ಲ ಅಂತ ನಿಮಗೆ ಸಿಟ್ಟು."

"ಸಿಟ್ಟಾ? ಕೊಟ್ಟಿಲ್ಲ ಅಂತ ನಿನ್ನ ಬಾಯಲ್ಲಿ ಕೇಳ್ಬೇಕಿತ್ತು ನಂಗೆ. ಅದಕ್ಕೆ ಬಂದಿದ್ದೆ."

ನನ್ನ ಕೈ ನಿಂತಿತು.

"ಮಾತ್ರೆ ವಿಷ್ಯ ನಂಗೆ ಮೊದ್ಲಿಂದ ಗೊತ್ತಿತ್ತು ಕಣೆ. ಬಿಪಿ ನೋಡೋ ಮೆಷಿನ್ನಿನ ಡಬ್ಬದಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು ಸಿಕ್ಕಿದ್ವು. ಬಿಟ್ಟಿದ್ದಾರೆ ಅಂತಾನೂ ಗೊತ್ತಾಗ್ತಿತ್ತು, ಮನುಷ್ಯ ಮತ್ತೆ ಮನುಷ್ಯನ ಹಾಗೆ ಆಗಿದ್ರು. ಬರೀಬಾರ್ದು ಅಂತ ಬೋರ್ಡ್‌ನೋರು ಹೇಳಿರೋದು ಮಾತ್ರ ಗೊತ್ತಿರ್ಲಿಲ್ಲ. ಕಂಪ್ಯೂಟರ್ ಬರುತ್ತೆ, ಗುಂಡಿ ಒತ್ತಿದ್ರೆ ಮಾರ್ಫಿನ್ ಬರಿಬಹುದು, ನೀನೇ ಕೂತು ಕೊಡ್ತಿದ್ದೀಯ ಅಂತ ಯಾರೋ ಹೇಳಿದ್ರು. ನಂಗೆ ಕೈಕಾಲು ಆಡ್ಲಿಲ್ಲ. ಇವ್ರನ್ನ ಕೇಳೋಕೆ ಆಗಲ್ಲ, ನಂಗೆ ಗೊತ್ತು ಅಂತ ಇವ್ರಿಗೆ ಗೊತ್ತಾಗ್ಬಿಡುತ್ತೆ. ನಿನ್ನ ಕೇಳಿದ್ರೆ ನೀನು ಸಕ್ಕರೆ ಡಬ್ಬಿ ಹುಡುಕ್ತೀಯ."

"ಹೇಳುವ ಹಾಗೆ ಇರಲಿಲ್ಲ ಅಕ್ಕ."

"ಗೊತ್ತು. ಆಗ್ಲೂ ಗೊತ್ತಿತ್ತು. ಆದ್ರೂ ಎಷ್ಟು ದಿನ ನಿನ್ನ ಬೈಕೊಂಡಿದ್ದೀನಿ ಅಂತ."

ಅಳು ಬರಬಹುದು ಅಂದುಕೊಂಡೆ, ಯಾರಿಗೂ ಬರಲಿಲ್ಲ. ಅಕ್ಕ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಎಸೆದು ಬಂದರು. ಅಷ್ಟರಲ್ಲಿ ಡಾಕ್ಟರು ಬಂದರು. ತೆಳ್ಳಗಾಗಿದ್ದರು, ಬೆನ್ನು ನೆಟ್ಟಗಿತ್ತು. ನನ್ನ ಕೆಲಸ, ಮಗಳ ಕಾಲೇಜು ಎಲ್ಲ ಕೇಳಿದರು. ಆಮೇಲೆ ತಾವಾಗಿಯೇ, "ನಿರ್ಬಂಧ ತೆಗೆದ್ರು, ಗೊತ್ತಾ? ಹೋದ ವರ್ಷ," ಎಂದರು. "ಇಲ್ಲೂ ಈಗ ಅದೇ ಥರ ಟೋಕನ್ನು, ಇಬ್ಬರ ಒಪ್ಪಿಗೆ, ಎಲ್ಲ ಇದೆ. ನಾನಿನ್ನೂ ಅರ್ಜಿ ಹಾಕಿಲ್ಲ."

"ಹಾಕೋದೂ ಬೇಡ," ಎಂದರು ಅಕ್ಕ ಅಡುಗೆಮನೆಯಿಂದ.

"ಯೋಚ್ನೆ ಮಾಡ್ತಿದ್ದೀನಿ," ಎಂದರು ಡಾಕ್ಟರು. "ರೋಗಿ ನೋವಲ್ಲಿರ್ತಾರೆ, ನಾನು ಇನ್ನೊಬ್ರನ್ನ ಹುಡುಕ್ಕೊಂಡು ಹೋಗ್ಬೇಕು. ಎಷ್ಟು ದಿನ ಅಂತ?"

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನೇ ನೋಡಿದರು. "ನೀನಾಗಿದ್ರೆ ಕೊಡ್ತಿದ್ದೆಯಾ?"

ಈ ಸಲ ಉತ್ತರ ಹೇಳಲು ಯಾವ ನಿಯಮವೂ ಅಡ್ಡವಿರಲಿಲ್ಲ. "ಬೋರ್ಡಿನವರು ತೆಗೆದಿದ್ದಾರೆ ಅಂದ ಮೇಲೆ ಕೊಡ್ತಿದ್ದೆ ಅಕ್ಕ," ಎಂದೆ. ಡಾಕ್ಟರು ಕಿಟಕಿಯ ಹೊರಗೆ ನೋಡಿದರು. ಅಕ್ಕ ಒಳಗೆ ಹೋಗಿ ಕುಕ್ಕರಿಟ್ಟರು. ಅವರೆಕಾಳಿನ ಹುಳಿ ಮಾಡಿದರು, ಬಡಿಸಿದರು. ಊಟದ ಹೊತ್ತಿನಲ್ಲೆಲ್ಲ ಮೈಸೂರಿನ ಮಾತೇ ಆಡಿದರು.

ಮಧ್ಯಾಹ್ನದ ವಿಮಾನದಲ್ಲಿ ಸಿಡ್ನಿಗೆ ಹೊರಟೆ. ಅಕ್ಕನಿಗೆ ಹೇಳಿದ ಉತ್ತರ ತಲೆಯಿಂದ ಹೋಗಲಿಲ್ಲ. ಪುಸ್ತಕ ತೆಗೆದೆ, ಮುಚ್ಚಿದೆ, ಕಿಟಕಿಯ ಪರದೆ ಏರಿಸಿದೆ, ಇಳಿಸಿದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಕನಿಕರದಿಂದ ನನ್ನ ಕೈ ಮೇಲೆ ಕೈಯಿಟ್ಟು, ವಿಮಾನವೆಂದರೆ ಹೆದರಿಕೆಯೇ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಇಳಿಯುವ ತನಕ ಅವರು ತಮ್ಮ ಮೊಮ್ಮಕ್ಕಳ ಸುದ್ದಿ ಹೇಳುತ್ತ ನನ್ನ ಕೈ ಹಿಡಿದುಕೊಂಡೇ ಇದ್ದರು.